ಟ್ಯಾನ್ಸಿಯ ಕಿವಿ

ಕ್ಯಾಂಟರ್ಬರಿ, ನಾರ್ತ್‌ಗೇಟ್ ಓಣಿ
ಅಕ್ಟೋಬರ್ ೧೪, ೧೮೮೪

ನನ್ನ ಮಗು ರೂಬೆನ್,

ಹೇಗಿದ್ದೀಯಪ್ಪಾ? ಮೀರತ್ತಿನ ಬಿಸಿಲು ಈಗಲಾದರೂ ಇಳಿಯಿತೇ? ನೀನು ಹುಟ್ಟಿದ್ದೇ ಆ ದೇಶದಲ್ಲಿ, ಅಲ್ಲಿನ ಸೆಕೆಗೆ ನಿನ್ನ ಗುರುತು ಸಿಕ್ಕಿ ಸ್ವಲ್ಪ ದಾಕ್ಷಿಣ್ಯ ತೋರಿಸೀತು ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತೇನೆ. ಆದರೂ ಕಾಯಿಸದ ನೀರು ಕುಡಿಯಬೇಡ. ಒಣಗಾಳಿಗೆ ತುತ್ತೂರಿ ಊದುವವರ ತುಟಿ ಒಡೆಯುತ್ತದೆ, ಮಲಗುವ ಮುಂಚೆ ಕುರಿಯ ಕೊಬ್ಬು ಸವರಿಕೋ, ಜೊತೆಯವರು ನಕ್ಕರೆ ನಗಲಿ. ಜ್ವರ ಬಂದರೆ ಕ್ವಿನೈನನ್ನು ಡಾಕ್ಟರು ಹೇಳಿದಷ್ಟೇ ನುಂಗು. ಬೇಗ ಎದ್ದು ಕುದುರೆ ಹತ್ತಬೇಕೆಂಬ ಆತುರದಲ್ಲಿ ಹೆಚ್ಚು ನುಂಗಿದೆಯೋ, ಸಮುದ್ರ ದಾಟಿ ಬಂದು ನಿನ್ನ ಕಿವಿ ಹಿಂಡುತ್ತೇನೆ. ಈ ಮಾತನ್ನು ಯಾಕೆ ಇಷ್ಟು ಬಿಗಿಯಾಗಿ ಹೇಳುತ್ತಿದ್ದೇನೆ ಎಂಬುದು ಕಾಗದ ಮುಗಿಯುವುದರೊಳಗೆ ನಿನಗೆ ತಿಳಿಯುತ್ತದೆ.

ನಿನ್ನ ಕಾಗದಗಳೆಲ್ಲ ಬಂದವು. ಎಲ್ಲದರ ಕೊನೆಯಲ್ಲೂ “ಅಪ್ಪನನ್ನು ಕೇಳಿದೆ ಎಂದು ಹೇಳು” ಎಂಬ ಒಂದೇ ಸಾಲು, ಅದೂ ಮೂಲೆಯಲ್ಲಿ, ದಾರಿಯಲ್ಲಿ ಸಿಕ್ಕ ಅಪರಿಚಿತರಿಗೆ ಟೋಪಿ ಮುಟ್ಟಿ ಮುಂದೆ ಹೋದ ಹಾಗೆ. ನೀನು ಯಾಕೆ ಹಾಗೆ ಬರೆಯುತ್ತೀಯ ಎಂದು ನನಗೆ ಗೊತ್ತು. ಹೊರಡುವ ದಿನ ರೈಲು ನಿಲ್ದಾಣದಲ್ಲಿ ಮುಖ ಊದಿಸಿಕೊಂಡು ನೀನು ಅಂದದ್ದು ಇನ್ನೂ ನನ್ನ ಎದೆಯಲ್ಲಿ ಕೂತಿದೆ: “ಅಪ್ಪಂಗೆ ನಾನು ಊದಿದ್ರೂ ಒಂದೇ, ಕತ್ತೆ ಕಿರುಚಿದ್ರೂ ಒಂದೇ, ಬಿಡಮ್ಮಾ.” ಆಗ ನಾನು ಬಾಯಿ ಬಿಡುವ ಹಾಗಿರಲಿಲ್ಲ. ಈಗ ಬಿಡಬಹುದು. ನಿಮ್ಮಪ್ಪನ ಪಿಂಚಣಿ ಗಟ್ಟಿಯಾಯಿತು. ಅದಕ್ಕೇ ಇವತ್ತು ಮಧ್ಯಾಹ್ನ ಬಟ್ಟೆಯ ಬುಟ್ಟಿಯನ್ನು ಪಕ್ಕಕ್ಕೆ ತಳ್ಳಿ, ಕೈ ಒರೆಸಿಕೊಂಡು, ನಿನಗೆ ಹೇಳಲೇಬೇಕಾದದ್ದನ್ನು ಹೇಳಲು ಕೂತಿದ್ದೇನೆ.

ಮೊದಲು ಮನೆಯ ಸುದ್ದಿ. ಸೆಪ್ಟೆಂಬರ್ ಕೊನೆಯ ಮೈಕೆಲ್ಮಸ್ ಹಬ್ಬದ ದಿನ ದಂಡಿನಲ್ಲಿ ನಿಮ್ಮಪ್ಪನ ಇಪ್ಪತ್ತೊಂದು ವರ್ಷ ಪೂರ್ತಿಯಾಯಿತು. ಕತ್ತಿ, ಬಂದೂಕು, ಜೀನು ಎಲ್ಲ ಒಪ್ಪಿಸಿ, ಒಂದು ಬೂದು ಕೋಟು ತೊಟ್ಟು ಬ್ಯಾರಕ್ಸಿನ ಗೇಟು ದಾಟಿ ಬಂದರು. ಕಾಲು ಮಾತ್ರ ಬಾಗಿದ್ದು ಬಾಗಿದ ಹಾಗೇ ಇದೆ, ನಡುವೆ ಒಂದು ಪೀಪಾಯಿ ಉರುಳಿಸಬಹುದು. ನಾವು ಬ್ರೆಡ್ಡಿನ ಅಂಗಡಿಯ ಮೇಲೆ ಎರಡು ಕೋಣೆ ಹಿಡಿದಿದ್ದೇವೆ. ಮೊದಮೊದಲು ಕಂಬಳಿಯ ಪರದೆಯ ಹಿಂದೆ, ಒಂದು ಕೋಣೆ ತುಂಬ ಗಂಡಸರ ಗೊರಕೆಯ ಮಧ್ಯೆ ಸಂಸಾರ ಮಾಡಿ, ಆಮೇಲೆ ನಾಲ್ಕು ಸಂಸಾರಕ್ಕೆ ಒಂದೇ ಬಾಗಿಲು ಎಂಬ ಕಡೆ ಬದುಕಿದವಳಿಗೆ, ನನ್ನದೇ ಒಂದು ಬಾಗಿಲು ಇದೆ ಎಂಬುದೇ ದೊಡ್ಡ ಬೆರಗು. ಮೊದಲ ವಾರ ಕೆಲಸವಿಲ್ಲದಿದ್ದರೂ ಅದನ್ನು ಹಾಕುತ್ತಿದ್ದೆ, ತೆಗೆಯುತ್ತಿದ್ದೆ. ಕೆಳಗಿನ ಅಂಗಡಿಯಾಕೆ ಬಂದು “ಏನಮ್ಮಾ, ಕೀಲು ಸರಿ ಇಲ್ವಾ?” ಎಂದು ಕೇಳಿದ ಮೇಲೆ ನಾಚಿಕೆಯಾಗಿ ಬಿಟ್ಟೆ.

ಸಾಲಿನಲ್ಲಿ ಅಪ್ಪನ ಪಕ್ಕದ ಸವಾರ, ನಿನ್ನ ಪಿಲ್ಚರ್ ಮಾವ, ಇನ್ನೂ ತುಕಡಿಯಲ್ಲೇ ಇದ್ದಾನೆ. ಭಾನುವಾರ ಬಂದು ನನ್ನ ಕೈಯ ಕೊಬ್ಬಿನ ಕಡುಬು ತಿಂದು ಹೋಗುತ್ತಾನೆ. ಅವನು ಹೇಳಿದ ಒಂದು ಸಂಗತಿ ಕೇಳು. ಮೂಲೆಯ ಬಿಯರು ಅಂಗಡಿಯಲ್ಲಿ ಯಾರೋ ನಿಮ್ಮಪ್ಪನನ್ನು “ಎಷ್ಟು ಜನರನ್ನ ಕಡಿದಿದ್ದೀರಿ ಯಜಮಾನ್ರೇ, ಐವತ್ತು?” ಎಂದು ಕೇಳಿದರಂತೆ. ನಿಮ್ಮಪ್ಪ ನಗುತ್ತಾ ಹೌದೆಂದು ತಲೆಯಾಡಿಸಿದರಂತೆ. “ನೂರು?” ಎಂದು ಇನ್ನೊಬ್ಬ ಕೇಳಿದನಂತೆ. ಅದಕ್ಕೂ ತಲೆಯಾಡಿಸಿದರಂತೆ. ಅಂದಿನಿಂದ ಅವರ ಲೋಟ ಖಾಲಿಯಾಗಲು ಆ ಅಂಗಡಿಯಲ್ಲಿ ಯಾರೂ ಬಿಡುತ್ತಿಲ್ಲ. ನಿನಗೂ ನನಗೂ ಗೊತ್ತು, ಅವರ ಕತ್ತಿ ಇಷ್ಟು ವರ್ಷದಲ್ಲಿ ಕಡಿದದ್ದು ಕವಾಯತಿನ ಕಂಬದ ಮೇಲಿಟ್ಟ ಟರ್ನಿಪ್ ಗಡ್ಡೆಗಳನ್ನು ಮಾತ್ರ. ಅದರಲ್ಲೂ ಎಷ್ಟೋ ಸಲ ಗಡ್ಡೆಯೇ ಗೆದ್ದಿತ್ತು.

ಹಾಗೆಂದು ಅವರ ಬದುಕು ಸಣ್ಣದು ಎಂದು ನಾನು ಅನ್ನುವುದಿಲ್ಲ. ನೀನೂ ಅನ್ನಬೇಡ. ರಾಮ್ನಿ ಜೌಗಿನ ಕುರಿಗಾಹಿಯ ಮಗ, ನೀಲಿ ಕೋಟಿನ ಹಳದಿ ಪಟ್ಟಿಗೆ ಮರುಳಾಗಿ ಮೇಡ್‌ಸ್ಟನ್‌ನಲ್ಲಿ ಕುದುರೆ ದಂಡಿಗೆ ಹೆಸರು ಕೊಟ್ಟರು. ಸವಾರಿ ಕಲಿಯುವಾಗ ಕಾಲಿಡುವ ರಿಕಾಬಿಲ್ಲದ ಜೀನಿನ ಮೇಲೆ ತೊಡೆಯ ಚರ್ಮವೆಲ್ಲ ಕಿತ್ತು ಬಂದು, ಅದರ ಮೇಲೆ ಉಪ್ಪುನೀರು ಸುರಿದುಕೊಂಡು, ಮರುದಿನ ಬೆಳಿಗ್ಗೆ ಮತ್ತೆ ಹತ್ತಿದವರು. ಚಳಿಯಲ್ಲಿ ಬರಿಗೈಯಲ್ಲಿ ಲದ್ದಿ ಎತ್ತಿದವರು. ಕುದುರೆ ಕುಡಿಯುವ ತನಕ ತಾನು ನೀರು ಮುಟ್ಟದವರು, ಕುದುರೆಯ ಮೈ ಒಣಗುವ ತನಕ ತನ್ನ ಒದ್ದೆ ಬೂಟು ಬಿಚ್ಚದವರು. ಒಮ್ಮೆ ತೋಳಿಗೆ ಬಡ್ತಿಯ ಎರಡು ಪಟ್ಟಿ ಬಂದಿತ್ತು. ಲಾಯದ ಕಾವಲಿನಲ್ಲಿ ಪಿಲ್ಚರ್ ನಿದ್ದೆ ಹೋದದ್ದನ್ನು ಮೇಲಿನವರಿಗೆ ಹೇಳಲು ಒಪ್ಪದೆ ತಿಂಗಳೊಳಗೆ ಅವನ್ನೂ ಕಳೆದುಕೊಂಡರು. ಸಿಪಾಯಿಯಾಗಿ ಸೇರಿ ಸಿಪಾಯಿಯಾಗಿಯೇ ಹೊರಗೆ ಬಂದರು. ಇಂಥವರ ಹೆಸರನ್ನು ಯಾವ ಕಲ್ಲಿನ ಮೇಲೂ ಕೆತ್ತುವುದಿಲ್ಲ. ಆದರೂ ಅವರನ್ನು ನೆನೆದರೆ ನನಗೆ ಕೆಥೆಡ್ರಲಿನ ಒಳಗೆ ನಿಂತು ತಲೆಯೆತ್ತಿ ನೋಡಿದ ಹಾಗಾಗುತ್ತದೆ. ಯಾಕೆ ಎಂದು ಈಗ ಹೇಳುತ್ತೇನೆ.

ನಿಮ್ಮಪ್ಪನಿಗೆ ಕಿವಿ ಕೇಳಿಸುವುದಿಲ್ಲ, ರೂಬೆನ್. ಮಂದ ಎಂದು ಹೇಳುತ್ತಿಲ್ಲ, ಕೇಳಿಸುವುದೇ ಇಲ್ಲ. ಇದು ಈಗ ಬಂದದ್ದಲ್ಲ, ವರ್ಷಗಳಾದವು. ನೀನು ಮಗುವಾಗಿದ್ದಾಗ ಸಿಯಾಲ್‌ಕೋಟಿನಲ್ಲಿ ಅವರಿಗೆ ಜ್ವರದ ಮೇಲೆ ಜ್ವರ ಬಂತು. ಬೇಗ ಏಳಬೇಕೆಂದು ಕ್ವಿನೈನನ್ನು ಮಕ್ಕಳು ಸಕ್ಕರೆ ತಿಂದ ಹಾಗೆ ತಿಂದರು. ಎದ್ದರೇನೋ ನಿಜ, ಆದರೆ ಆ ಮದ್ದು ಕಿವಿಗೆ ಇಳಿಯಿತು; ತಲೆಯೊಳಗೆ ಜೇನುಹುಳು ಗುಂಯ್‌ಗುಡುತ್ತವೆ ಎನ್ನುತ್ತಿದ್ದರು. ಊರಿಗೆ ಮರಳಿದ ಮೇಲೆ ಒಂದೊಂದೇ ಸದ್ದು ಅವರನ್ನು ಬಿಟ್ಟು ಹೋಯಿತು. ಮೊದಲು ಹುಲ್ಲಿನ ಮಿಡತೆ ಹೋಯಿತು, ಆಮೇಲೆ ಕೆಟಲಿನ ಸಿಳ್ಳು, ಆಮೇಲೆ ಕೆಥೆಡ್ರಲಿನ ಗಂಟೆ, ಆಮೇಲೆ ನಾನು. ನಾನು ಹೋದದ್ದಕ್ಕೆ ಅವರು ಅಷ್ಟೇನೂ ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುವುದನ್ನು ಅವರು ಯಾವಾಗ ಕಲಿತರೋ ನನಗೂ ಗೊತ್ತಿಲ್ಲ. ನೀನು ತಟ್ಟೆ ನೋಡುತ್ತಾ ಮಾತಾಡಿದರೆ “ತಲೆ ಎತ್ತಿ ಮಾತಾಡೋ” ಎಂದು ಗದರುತ್ತಿದ್ದರಲ್ಲ, ಅದು ಗತ್ತಿಗೆ ಹೇಳಿದ ಮಾತಲ್ಲಪ್ಪಾ.

ಕೊನೆಗೆ ತುತ್ತೂರಿಯೂ ಹೋಯಿತು. ಅದು ಹೋದ ದಿನ ನನಗೆ ಚೆನ್ನಾಗಿ ನೆನಪಿದೆ. ಕವಾಯತು ಮುಗಿಸಿ ನೇರ ನಾನು ತುಕಡಿಯ ಬಟ್ಟೆ ಒಗೆಯುವ ಮನೆಗೆ ಬಂದು ಹಂಡೆಯ ಪಕ್ಕ ನಿಂತರು. “ಹೆಸ್ಟರ್, ಇವತ್ತು ಯಾರೂ ತುತ್ತೂರಿ ಊದಲೇ ಇಲ್ಲ ಕಣೇ. ಆದ್ರೂ ನಾವೆಲ್ಲ ಬಲಕ್ಕೆ ತಿರುಗಿದ್ವಿ,” ಎಂದರು. ನಾನು ಅವರ ಮುಖಕ್ಕೆ ಮುಖ ಕೊಟ್ಟು, “ಊದಿದ್ರು ರೀ. ಇಲ್ಲಿ ತನಕ ಕೇಳಿಸ್ತು,” ಎಂದೆ. ಕುದುರೆ ದಂಡಿನಲ್ಲಿ ಎಲ್ಲವೂ ತುತ್ತೂರಿಯ ಮೇಲೆ ನಡೆಯುತ್ತದೆ ಎಂಬುದನ್ನು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಅದು ಕೇಳಿಸದವನಿಗೆ ಅಲ್ಲಿ ಜಾಗವಿಲ್ಲ. ಆಗಲೇ ಹೊರಗೆ ಹಾಕಿದ್ದರೆ ಪೂರ್ತಿ ಪಿಂಚಣಿ ಇಲ್ಲ, ಕೆಲವು ತಿಂಗಳು ಒಂದಿಷ್ಟು ಕಾಸು ಕೈಗಿಟ್ಟು ಕೈತೊಳೆದುಕೊಳ್ಳುತ್ತಿದ್ದರು. ಆಮೇಲೆ ದಿಕ್ಕಿಲ್ಲದವರ ದುಡಿಮೆಮನೆ. ಅಲ್ಲಿ ಗಂಡನನ್ನು ಒಂದು ಕಟ್ಟಡಕ್ಕೆ, ಹೆಂಡತಿಯನ್ನು ಇನ್ನೊಂದು ಕಟ್ಟಡಕ್ಕೆ ಹಾಕುತ್ತಾರೆ. ನನಗೆ ಎಲ್ಲಕ್ಕಿಂತ ಹೆದರಿಕೆಯಾದದ್ದು ಅದಕ್ಕೇ.

ಹಾಗಾದರೆ ಅವರು ಬಲಕ್ಕೆ ತಿರುಗಿದ್ದು ಹೇಗೆ? ತಿರುಗಿದ್ದು ಅವರಲ್ಲ, ಟ್ಯಾನ್ಸಿ. ನಾವು ಹಿಂದೂಸ್ತಾನದಿಂದ ಬಂದ ವರ್ಷ ಐರ್ಲೆಂಡಿನಿಂದ ಬಂದ ಆ ಕಂದು ಹೆಣ್ಣುಕುದುರೆಯನ್ನು ನಿಮ್ಮಪ್ಪನೇ ಪಳಗಿಸಿದ್ದು ನಿನಗೆ ಗೊತ್ತು. ನೀನು ಚಿಕ್ಕವನಾಗಿದ್ದಾಗ ಅವಳ ಹೊಟ್ಟೆಯ ಕೆಳಗೆ ಕೂತು ರೊಟ್ಟಿ ತಿನ್ನುತ್ತಿದ್ದೆ. ಅವಳು ಪ್ರತಿಯೊಂದು ಕರೆಯನ್ನೂ ಕಲಿತಿದ್ದಳು. ತುತ್ತೂರಿ ಊದಿದ ಕೂಡಲೇ ಲಗಾಮಿಗೂ ಕಾಯದೆ, ಕಾಲಿನ ಒತ್ತಿಗೂ ಕಾಯದೆ ಹೊರಡುತ್ತಿದ್ದಳು. ಅಂದಿನಿಂದ ನಿಮ್ಮಪ್ಪ ಕುದುರೆಗೆ ಹೇಳುವುದನ್ನು ನಿಲ್ಲಿಸಿದರು, ಕುದುರೆ ಹೇಳಿದ್ದನ್ನು ಕೇಳಲು ಶುರುಮಾಡಿದರು. ಅವಳ ಬೆನ್ನು ಬಿಗಿದರೆ ನಾಗಾಲೋಟ, ಎಡಭುಜ ಇಳಿದರೆ ಎಡಕ್ಕೆ, ಉಸಿರು ಹಿಡಿದರೆ ನಿಲ್ಲು. ತೊಡೆಯಲ್ಲಿ ಕೇಳಿಸಿಕೊಳ್ಳುತ್ತಿದ್ದರು ಎಂದೇ ಹೇಳಬೇಕು. ಪಕ್ಕದಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಪಿಲ್ಚರ್ ಇರುತ್ತಿದ್ದ. ಬಾಯಿಮಾತಿನ ಅಪ್ಪಣೆಯಾದರೆ ಅವನು ಮೊಣಕಾಲಿನಿಂದ ಒಂದು ಗುದ್ದು ಕೊಡುತ್ತಿದ್ದ. ಹೀಗೆ ವರ್ಷಗಟ್ಟಲೆ ನಡೆಯಿತು ಎಂದರೆ ಯಾರು ನಂಬುತ್ತಾರೆ? ನಾನು ಕಣ್ಣಾರೆ ಕಂಡವಳು, ನನಗೇ ಒಮ್ಮೊಮ್ಮೆ ನಂಬಲು ಆಗುವುದಿಲ್ಲ.

ನಿನಗೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಇಲ್ಲಿದ್ದಾಗ ನೀನು ಅಪ್ಪನದೇ ರೆಜಿಮೆಂಟಿನಲ್ಲಿ, ಕರ್ನಲರ ಪಕ್ಕದಲ್ಲೇ ಕುದುರೆ ನಿಲ್ಲಿಸಿಕೊಂಡು, ಅವರ ಬಾಯಿಂದ ಅಪ್ಪಣೆ ಬಿದ್ದ ಹಾಗೆ ಉಳಿದ ತುತ್ತೂರಿಯವರ ಜೊತೆ ಊದುತ್ತಿದ್ದವನು. ನಿನಗೆ ಗೊತ್ತಿದ್ದಿದ್ದರೆ ದಿನಾ ಬೆಳಿಗ್ಗೆ ಆ ಮನುಷ್ಯನ ಎದುರು ಸುಳ್ಳನ್ನು ಹೊತ್ತುಕೊಂಡು ನಿಲ್ಲಬೇಕಾಗುತ್ತಿತ್ತು. “ಅವನ ತಲೆಗೆ ಅದನ್ನ ಕಟ್ಟೋದು ಬೇಡ,” ಎಂದು ನಿಮ್ಮಪ್ಪ ಹಟ ಹಿಡಿದರು. ಕಳೆದ ವರ್ಷ ಬೇಸಿಗೆಯಲ್ಲಿ ಜನರಲ್ ಸಾಹೇಬರ ಮುಂದೆ ಇಡೀ ರೆಜಿಮೆಂಟಿಗೆ ಮೊದಲ ಸಲ ನೀನೊಬ್ಬನೇ ಊದಿದ ದಿನ ನೆನಪಿದೆಯೇ? ಎಲ್ಲರೂ ನಿನ್ನ ಬೆನ್ನು ತಟ್ಟಿದರು. ಸಂಜೆ ಊಟಕ್ಕೆ ಕೂತಾಗ ನೀನು ಅಪ್ಪನ ಬಾಯಿಂದ ಒಂದು ಮಾತು ಬಂದೀತು ಎಂದು ಕಾದೆ. ಅವರು ತಲೆ ತಗ್ಗಿಸಿಕೊಂಡು ಮೀನಿನ ಮುಳ್ಳು ತೆಗೆಯುತ್ತಾ ಕೂತರು. ಕೊನೆಗೆ “ಸಾಸಿವೆ ಇದೆಯೇನೇ?” ಎಂದರು. ನೀನು ತಟ್ಟೆ ತಳ್ಳಿ ಎದ್ದು ಹೋದೆ. ಹಿಂದೂಸ್ತಾನಕ್ಕೆ ಹೊರಟ ರೆಜಿಮೆಂಟಿಗೆ ಜನ ಬೇಕೆಂದು ಕರೆ ಬಂದಾಗ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟೆ. ಎರಡೂ ಕಡೆಯ ನೋವು ನನ್ನ ಮಡಿಲಲ್ಲೇ ಬಿದ್ದಿತ್ತು, ಯಾವುದನ್ನೂ ಎತ್ತಿ ಇನ್ನೊಬ್ಬರಿಗೆ ತೋರಿಸುವ ಹಾಗಿರಲಿಲ್ಲ.

ಈಗ ಈ ಮಾರ್ಚಿನಲ್ಲಿ ನಡೆದದ್ದನ್ನು ಹೇಳುತ್ತೇನೆ, ಇದೇ ನಾನು ನಿನಗೆ ಹೇಳಬೇಕೆಂದು ಕಾದು ಕೂತಿದ್ದ ಸಂಗತಿ. ವರ್ಷಕ್ಕೊಮ್ಮೆ ಮುದಿ ಕುದುರೆಗಳನ್ನು ಆರಿಸಿ ಹೊರಗೆ ಹಾಕುವ ದಿನ ಬರುತ್ತದಲ್ಲ, ಈ ಸಲ ಟ್ಯಾನ್ಸಿಯ ಸರದಿ ಬಂದೇ ಬರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಚಳಿಗಾಲದಿಂದ ಅವಳ ಬಲಗಡೆಯ ಮುಂಗಾಲು ಬೆಳಿಗ್ಗೆ ಮರಗಟ್ಟಿಕೊಳ್ಳುತ್ತಿತ್ತು. ಮೈಕೆಲ್ಮಸ್‌ಗೆ ಇನ್ನೂ ಅರ್ಧ ವರ್ಷ. ಅವಳು ಹೋಗಿ ನಿಮ್ಮಪ್ಪನಿಗೆ ಕರೆ ಗೊತ್ತಿಲ್ಲದ ಹೊಸ ಕುದುರೆ ಬಂದರೆ, ಮೊದಲ ಕವಾಯತಿನಲ್ಲೇ ಎಲ್ಲರೂ ಬಲಕ್ಕೆ ಹೋಗುವಾಗ ಇವರೊಬ್ಬರು ನೇರ ಹೋಗಿ ಬೇಲಿ ಹಾರುತ್ತಿದ್ದರು. ನನ್ನ ಕೈಲಾದದ್ದು ಒಂದೇ. ಬಟ್ಟೆ ಹಂಡೆಯ ಬಿಸಿನೀರನ್ನು ಬಕೆಟಿನಲ್ಲಿ ಹೊತ್ತುಕೊಂಡು ಹೋಗಿ ದಿನಾ ಅವಳ ಕಾಲಿಗೆ ಶಾಖ ಕೊಟ್ಟೆ, ಆಮೇಲೆ ತಣ್ಣೀರು, ಮತ್ತೆ ಬಿಸಿನೀರು. ತುಕಡಿಯವರ ಅಂಗಿಗಳು ತಡವಾದವು. ಒಬ್ಬನಾದರೂ ಗೊಣಗಲಿಲ್ಲ. ಪಿಲ್ಚರ್ ಮಾತ್ರ “ಅಕ್ಕಾ, ನಮ್ಮ ಅಂಗಿಗಿಂತ ಕುದುರೆ ಕಾಲೇ ಬೆಳ್ಳಗಾಯ್ತು ಬಿಡಿ,” ಎಂದ. ಆಗ ನನಗೆ ಹೊಳೆಯಿತು, ಇಡೀ ತುಕಡಿಗೆ ಈ ಗುಟ್ಟು ಗೊತ್ತಿದೆ ಎಂದು.

ಆ ದಿನ ನಾನು ಒಗೆಯುವ ಮನೆಯ ಕಿಟಕಿಯಲ್ಲಿ ನಿಂತಿದ್ದೆ, ಅಲ್ಲಿಂದ ಅಂಗಳವೆಲ್ಲ ಕಾಣುತ್ತದೆ. ಕರ್ನಲರು, ಕುದುರೆ ಡಾಕ್ಟರು, ನಮ್ಮ ತುಕಡಿಯ ಸಾರ್ಜೆಂಟು, ಜೊತೆಗೆ ನಿನ್ನ ಜಾಗಕ್ಕೆ ಬಂದ ಹೊಸ ತುತ್ತೂರಿಯವನು. ನಿಮ್ಮಪ್ಪ ಟ್ಯಾನ್ಸಿಯ ಲಗಾಮು ಹಿಡಿದು ಗೋಡೆಯ ತನಕ ಓಡಿಸಿಕೊಂಡು ಹೋದರು. ಹೋಗುವಾಗ ಹೂವಿನ ಹಾಗೆ ಹೋದಳು. ತಿರುಗುವಾಗ ಆ ಕಾಲು ಎಡವಿತು. ಡಾಕ್ಟರು ಕೈ ಬೀಸಿ “ಇದರದ್ದು ಮುಗೀತು, ಸರ್,” ಎಂದರಂತೆ. ಅವರು ಆಡಿದ್ದೆಲ್ಲ ಪಿಲ್ಚರ್ ಆಮೇಲೆ ಹೇಳಿದ್ದು, ಅವನು ಮುಂದಿನ ಕುದುರೆ ಹಿಡಿದು ಅಲ್ಲೇ ನಿಂತಿದ್ದ. ಸಾರ್ಜೆಂಟು ಬಿಡಲಿಲ್ಲ. “ನಮ್ಮ ತುಕಡೀಲಿ ಇವಳಷ್ಟು ಚೆನ್ನಾಗಿ ಕರೆ ಬಲ್ಲ ಕುದುರೆ ಇನ್ನೊಂದಿಲ್ಲ, ಸರ್. ಹೊಸ ಕುದುರೆಗಳೆಲ್ಲ ಇವಳನ್ನ ನೋಡೇ ಕಲಿಯೋದು,” ಎಂದರಂತೆ. ಕರ್ನಲರು ಮೀಸೆ ಎಳೆದುಕೊಂಡು, “ಹೌದಾ? ಹಾಗಾದ್ರೆ ಹತ್ತಿ ತೋರಿಸಲಿ. ತುತ್ತೂರಿ ಮೇಲೇ ನಡೀಲಿ, ಬಾಯಲ್ಲಿ ಯಾರೂ ಏನೂ ಹೇಳ್ಬೇಡಿ,” ಎಂದರಂತೆ. ನಿಮ್ಮಪ್ಪನಿಗೆ ತಿಳಿದದ್ದು ಹತ್ತಬೇಕು ಎಂಬುದಷ್ಟೇ. ಹತ್ತಿದರು. ಆ ಹುಡುಗ ತುತ್ತೂರಿಯನ್ನು ತುಟಿಗಿಟ್ಟದ್ದನ್ನು ಕಂಡು ನಾನು ಕಿಟಕಿಗೆ ಮುಖ ಒತ್ತಿದೆ. ಸಾಲಿಲ್ಲ, ಪಕ್ಕದಲ್ಲಿ ಪಿಲ್ಚರನ ಮೊಣಕಾಲಿಲ್ಲ, ಮುಂದೆ ನೋಡಿ ಹಿಂಬಾಲಿಸಲು ಇನ್ನೊಂದು ಕುದುರೆಯಿಲ್ಲ. ಆ ದೊಡ್ಡ ಅಂಗಳದ ನಡುವೆ ಅವರೊಬ್ಬರೇ, ತುತ್ತೂರಿಗೆ ಬೆನ್ನು ಹಾಕಿಕೊಂಡು.

ಆಗ ಅವರು ಮಾಡಿದ್ದೇನು ಗೊತ್ತೇ? ಏನೂ ಮಾಡಲಿಲ್ಲ. ಲಗಾಮು ಸಡಿಲ ಬಿಟ್ಟರು, ಕಾಲನ್ನು ಅಲುಗಿಸದೆ ಇಟ್ಟರು, ಕಣ್ಣನ್ನು ಗೋಡೆಯ ಮೇಲೆ ನೆಟ್ಟರು. ತಾನಾಗಿ ಒಂದು ಸಣ್ಣ ಒತ್ತು ಕೊಟ್ಟಿದ್ದರೂ ಅವಳಿಗೆ ಗೊಂದಲವಾಗುತ್ತಿತ್ತು. ಪ್ರಾಣವೇ ಪಣಕ್ಕಿದ್ದಾಗ ಸುಮ್ಮನೆ ಕೂರುವುದು ಎಷ್ಟು ಕಷ್ಟ! ಆ ಹುಡುಗ ಊದಿದ. ಪಾಪ, ಕೆಟ್ಟವನಲ್ಲ, ಆದರೆ ಅವನ ಸ್ವರ ಸೀಳಿದ ಕೊಳವೆಯಲ್ಲಿ ಗಾಳಿ ಹೋದ ಹಾಗೆ. ಟ್ಯಾನ್ಸಿ ಒಂದು ಕಿವಿಯನ್ನು ಹಿಂದಕ್ಕೆ ಹಾಕಿದಳು, ತಲೆ ಕೊಡವಿದಳು, ಅರ್ಧ ಉಸಿರು ತಡೆದಳು, ಇದು ಯಾವ ಕರೆ ಎಂದು ಲೆಕ್ಕ ಹಾಕಿದ ಹಾಗೆ. ಆಮೇಲೆ ಕುಕ್ಕುಲೋಟಕ್ಕೆ ಹೊರಟಳು. ಮತ್ತೊಂದು ಕರೆ, ಮತ್ತೆ ಆ ಕಿವಿ, ನಾಗಾಲೋಟ. ಎಡಕ್ಕೆ, ಬಲಕ್ಕೆ, ಹಿಂದಿರುಗು. ಮುದುಕಿ ಅವಳು, ಕಾಲು ನೋಯುತ್ತಿತ್ತು, ಆದರೂ ಒಂದನ್ನೂ ತಪ್ಪಿಸಲಿಲ್ಲ. ಮೇಲೆ ಕೂತ ಮನುಷ್ಯನಿಗೆ ಲೋಕವೆಲ್ಲ ಹಿಮ ಬಿದ್ದ ಬೆಳಗಿನ ಹಾಗೆ ನಿಶ್ಶಬ್ದ. ಕೆಳಗಿನ ಪ್ರಾಣಿ ಅವರಿಗಾಗಿ ಕೇಳುತ್ತಾ ಓಡುತ್ತಿತ್ತು. ನಾನು ಕೈಯಲ್ಲಿದ್ದ ಒದ್ದೆ ಅಂಗಿಯನ್ನು ಬಾಯಿಗೆ ತುರುಕಿಕೊಂಡು ಅತ್ತೆ. ದೇವರ ಮನೆಯಲ್ಲಿ ಕೂತು ಎಷ್ಟೋ ಪವಾಡಗಳ ಕಥೆ ಕೇಳಿದ್ದೇನೆ ರೂಬೆನ್, ಕಂಡದ್ದು ಇದೊಂದೇ.

ಕೊನೆಯ ಕರೆಗೆ ಅವಳು ಕರ್ನಲರ ಮುಂದೆ ಬಂದು ಕಂಬದ ಹಾಗೆ ನಿಂತಳು. ನಿಮ್ಮಪ್ಪ ಹಣೆಗೆ ಕೈಯೆತ್ತಿ ಸಲಾಮು ಮಾಡಿದರು. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಸರಿಯಾಗಿ ಆ ಹೊತ್ತಿಗೆ ಗೇಟಿನ ಕಾವಲಿನವನು ಮಧ್ಯಾಹ್ನದ ಮೇವಿನ ಕರೆ ಊದಿಬಿಟ್ಟ! ಲಾಯದ ಕುದುರೆಗಳೆಲ್ಲ ಒಟ್ಟಿಗೆ ಕೆನೆದವು. ಟ್ಯಾನ್ಸಿಯೂ ಕುದುರೆಯೇ ತಾನೇ, ಅಷ್ಟು ದುಡಿದಿದ್ದಳು, ಹಸಿದಿದ್ದಳು. ತಿರುಗಿ ನೆಟ್ಟಗೆ ಲಾಯದ ಕಡೆ ಹೊರಟಳು. ನಿಮ್ಮಪ್ಪನಿಗೋ, ಟ್ಯಾನ್ಸಿ ತಿರುಗಿದಳೆಂದರೆ ಅಪ್ಪಣೆಯಾಗಿದೆ ಎಂದೇ ಅರ್ಥ. ಹಣೆಯ ಮೇಲಿನ ಕೈ ಇಳಿಸದೆ, ಬೆನ್ನು ನೆಟ್ಟಗೆ ಮಾಡಿಕೊಂಡು, ನಾನು ಒಣಹಾಕಿದ್ದ ಒಳಚಡ್ಡಿಗಳ ಸಾಲಿಗೆ ಗಂಭೀರವಾಗಿ ಸಲಾಮು ಮಾಡುತ್ತಾ ಹೋದರು. “ಹಕ್‌ಸ್ಟೆಪ್! ನಿಲ್ಲು!” ಎಂದು ಕರ್ನಲರು ನಿಮ್ಮಪ್ಪನ ಹೆಸರು ಹಿಡಿದು ಕೂಗಿದರು. ಅದು ನನಗೂ ಕೇಳಿಸಿತು. “ಹಕ್‌ಸ್ಟೆಪ್!” ಇಡೀ ಅಂಗಳಕ್ಕೆ ಕೇಳಿಸಿತು, ಅವರೊಬ್ಬರಿಗೆ ಬಿಟ್ಟು. ಮೂರನೆಯ ಸಲ ಕರ್ನಲರು ಕೂಗಲು ಬಾಯಿ ತೆರೆದು, ಹಾಗೇ ಮುಚ್ಚಿಕೊಂಡರು. ಎಲ್ಲವೂ ಮುಗಿಯಿತು ಎಂದು ನಾನು ಕಿಟಕಿಯ ಕಟ್ಟೆ ಹಿಡಿದುಕೊಂಡೆ.

ಮುಂದಿನದನ್ನು ಪಿಲ್ಚರ್ ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ. ಕುದುರೆ ಡಾಕ್ಟರು ನಿಧಾನವಾಗಿ “ಸರ್, ಈ ಸಿಪಾಯಿಗೆ ಕಿವಿ…” ಎಂದು ಶುರುಮಾಡಿದರಂತೆ. ಕರ್ನಲರು ಅವರ ಕಡೆ ತಿರುಗಿಯೂ ನೋಡದೆ, “ಡಾಕ್ಟ್ರೇ, ನೀವು ಕುದುರೆ ಡಾಕ್ಟ್ರು. ಕುದುರೆ ವಿಷಯ ಹೇಳಿ. ಇದರ ಕಿವಿ ಹೇಗಿದೆ?” ಎಂದರಂತೆ. ಡಾಕ್ಟರು ತಡವರಿಸಿ, “ಕಿವಿ… ಕಿವಿ ಬಹಳ ಚೆನ್ನಾಗಿದೆ, ಸರ್,” ಎಂದರಂತೆ. ಕರ್ನಲರು ಲಾಯದ ಬಾಗಿಲನ್ನೇ ನೋಡುತ್ತಾ, “ಹಾಗಾದ್ರೆ ಇರಲಿ. ಮೈಕೆಲ್ಮಸ್ ತನಕ ಇರಲಿ,” ಎಂದು ಮುಂದಿನ ಕುದುರೆಗೆ ಹೋದರಂತೆ. ಕುದುರೆಗೆ ಎಲ್ಲಿಯ ಮೈಕೆಲ್ಮಸ್, ಹೇಳು! ಕರ್ನಲರಿಗೂ ಎಲ್ಲ ಗೊತ್ತಾಯಿತು, ನಮಗೂ ಅವರಿಗೆ ಗೊತ್ತಾದದ್ದು ಗೊತ್ತಾಯಿತು. ಆಮೇಲೆ ಆ ವಿಷಯ ಯಾರೂ ಎತ್ತಲಿಲ್ಲ. ನಿಮ್ಮಪ್ಪನಿಗೆ ಲಾಯದಲ್ಲಿ ನಾನು ಹೋಗಿ ಹೇಳಿದಾಗ, ಅವರು ಜೀನು ಬಿಚ್ಚುತ್ತಾ “ಮೇವಿನ ಕರೆನಾ?” ಎಂದು ಕೇಳಿದರು. ಆಮೇಲೆ ಟ್ಯಾನ್ಸಿಯ ಕುತ್ತಿಗೆಗೆ ಹಣೆ ಆನಿಸಿಕೊಂಡರು, ನಾನು ಹೊರಗೆ ಬಂದೆ.

ಆಡಿದ ಮಾತಿನಂತೆ ಮೈಕೆಲ್ಮಸ್ ವಾರದಲ್ಲೇ ಅವಳನ್ನೂ ಸಂತೆಯಲ್ಲಿ ಮಾರಿದರು. ಲಂಡನ್ನಿನ ಬಾಡಿಗೆ ಗಾಡಿಯವರ ಪಾಲಾಗುತ್ತಾಳೆ ಎಂದು ನಾನು ಹೆದರಿದ್ದೆ. ಆದರೆ ನಮ್ಮ ಓಣಿಯ ಕೊನೆಯಲ್ಲಿ ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಮೂಟೆ ಸಾಗಿಸುವವನಿದ್ದಾನಲ್ಲ, ಅವನು ಕೊಂಡ. ನಿಮ್ಮಪ್ಪ ಸಂತೆಯಿಂದ ಅವಳ ಹಿಂದೆಯೇ ನಡೆದುಕೊಂಡು ಬಂದು ಅವನ ಅಂಗಳದಲ್ಲಿ ನಿಂತರು. “ಏನು ಬೇಕಯ್ಯಾ?” ಎಂದು ಅವನು ಕೇಳಿದ. ಇವರು ಹೌದೆಂದು ತಲೆಯಾಡಿಸಿದರು. ಮರುದಿನದಿಂದ ಗಾಡಿ ಹೊಡೆಯುವ ಕೆಲಸ ಅವರದೇ. ಬ್ಯಾರಕ್ಸಿನ ತುತ್ತೂರಿ ಇಲ್ಲಿಗೂ ಕೇಳಿಸುತ್ತದೆ. ಮೊನ್ನೆ ಬಲಕ್ಕೆ ತಿರುಗುವ ಕರೆ ಬಂದದ್ದೇ ತಡ, ಮೂಟೆ ತುಂಬಿದ ಗಾಡಿಯೊಂದಿಗೆ ಟ್ಯಾನ್ಸಿ ನಡುಬೀದಿಯಲ್ಲಿ ಬಲಕ್ಕೆ ತಿರುಗಿ ಮೀನಿನವಳ ಅಂಗಡಿಗೆ ನುಗ್ಗಿದಳು. “ಕುದುರೆ ಓಡಿಸ್ತೀಯೋ, ಇಲ್ಲ ಕುದುರೇನೇ ನಿನ್ನ ಓಡಿಸುತ್ತೋ?” ಎಂದು ಮೀನಿನವಳು ಕೂಗಾಡಿದಳು. ನಿಮ್ಮಪ್ಪ ಅವಳ ತುಟಿ ನೋಡಿ, “ಎರಡ್ನೇದು ಕಣಮ್ಮಾ,” ಎಂದರು.

ಇದಿಷ್ಟು, ಮಗನೇ. ಇದನ್ನು ಓದಿ ನೀನು ಸಂಕಟಪಡಬೇಡ, ಯಾರ ತಪ್ಪೂ ಇಲ್ಲ. ಸಂಜೆ ಬಯಲಲ್ಲಿ ಬರಿತಲೆಯಲ್ಲಿ ನಿಲ್ಲಬೇಡ. ಕುದುರೆಯನ್ನು ಚೆನ್ನಾಗಿ ನೋಡಿಕೋ, ಅದು ಏನು ಹೇಳುತ್ತದೋ ಕೇಳಿಸಿಕೋ. ಅಲ್ಲಿಯ ಮಳೆಗೂ ಬಿಸಿಲಿಗೂ ನಿನ್ನ ಮೈ ಗಟ್ಟಿಯಾಗಿರಲಿ, ನಿನ್ನ ಉಸಿರು ಎಂದೂ ಕಡಿಮೆಯಾಗದಿರಲಿ ಎಂದು ದಿನಾ ಬೇಡಿಕೊಳ್ಳುತ್ತೇನೆ. ಪಿಲ್ಚರ್ ಮಾವ ನಿನಗೆ ಒಂದು ಗುದ್ದು ಕಳಿಸಿದ್ದಾನೆ, ಮೊಣಕಾಲಿನದೇ.

ನಿನ್ನ ದಾರಿ ಕಾಯುವ ಅಮ್ಮ,
ಹೆಸ್ಟರ್ ಹಕ್‌ಸ್ಟೆಪ್

ತಾ.ಕ. ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ನಿಮ್ಮಪ್ಪ ಗಾಡಿ ಬಿಟ್ಟು ಬಂದರು. ನಿನಗೆ ಎಲ್ಲ ಬರೆದುಬಿಟ್ಟೆ ಎಂದು ಹೇಳಿದೆ. ಕೋಟನ್ನೂ ಬಿಚ್ಚದೆ ಕೂತು, “ನಂದೂ ಬರಿ,” ಎಂದರು. ಅಂಚೆಯವನು ಬರುವ ಹೊತ್ತಾಯಿತು, ಅವರು ಹೇಳಿದ್ದನ್ನು ಹೇಳಿದ ಹಾಗೇ ಗೀಚುತ್ತಿದ್ದೇನೆ: “ಅವತ್ತು ಜನರಲ್ ಸಾಹೇಬ್ರು ಬಂದ ದಿನ ಯಾರು ಊದ್ತಿದ್ದಾರೆ ಅಂತ ನಂಗೆ ಗೊತ್ತಿರ್ಲಿಲ್ಲ. ಯಾರು ಊದಿದ್ರೂ ಟ್ಯಾನ್ಸಿ ಒಂದ್ಸಲ ಕಿವಿ ಹಿಂದಕ್ಕೆ ಹಾಕ್ತಾಳೆ, ತಲೆ ಕೊಡವ್ತಾಳೆ, ಆಮೇಲೇ ಹೊರಡೋದು. ಅವತ್ತು ಕಿವಿ ಆಡಿಸಲೇ ಇಲ್ಲ. ಮೊದಲ್ನೇ ಸ್ವರಕ್ಕೇ ನನ್ನ ಕೆಳಗೆ ಅವಳ ಮೈಯೆಲ್ಲ ಒಂದಾಗಿ ಎದ್ದು ಬಂತು. ಇಷ್ಟು ವರ್ಷದಲ್ಲಿ ಅವಳು ಹಾಗೆ ಹೊರಟಿದ್ದೇ ಇಲ್ಲ. ಯಾರಪ್ಪಾ ಇವನು ಅಂತ ತಿರುಗಿ ನೋಡಿದ್ರೆ, ಕೆನ್ನೆ ಉಬ್ಬಿಸ್ಕೊಂಡು ನಮ್ಮೋನು. ಆಮೇಲೆ ನಂಗೆ ಏನೂ ಕಾಣಿಸ್ಲಿಲ್ಲ, ಧೂಳಿತ್ತು ಅಂತ ಬರಿ. ಊಟಕ್ಕೆ ಕೂತಾಗ ಹೇಳ್ಬೇಕು ಅಂತಿದ್ದೆ. ಕಿವೀಲಿ ಕೇಳದ್ದನ್ನ ಕೇಳ್ದೆ ಅಂತ ಹೆತ್ತ ಮಗನಿಗೆ ಹ್ಯಾಗೆ ಸುಳ್ಳು ಹೇಳ್ಲಿ? ಅದಕ್ಕೇ ಸಾಸಿವೆ ಕೇಳ್ದೆ. ಬರೋವಾಗ ತುತ್ತೂರಿ ತಗೊಂಡು ಬಾ ಅನ್ನು. ಟ್ಯಾನ್ಸಿಗೂ ವಯಸ್ಸಾಗ್ತಾ ಇದೆ, ತೀರ ತಡ ಮಾಡ್ಬೇಡ ಅನ್ನು. ಓಣಿ ಆ ತುದೀಲಿ ನಿಂತು ಊದಲಿ. ನಾನು ಈ ತುದೀಲಿ ಅವಳ ಕತ್ತಿನ ಮೇಲೆ ಕೈ ಇಟ್ಕೊಂಡು ನಿಂತಿರ್ತೀನಿ. ಕೇಳ್ತೀನಿ.”